ಗಿಡದ ಅಂಟು, ನಲವತ್ತು ಮೈಕ್ರಾನ್

ಬೆಳಗಾವಿಯ ಕ್ಯಾಂಪಿನಲ್ಲೋ ಟಿಳಕವಾಡಿಯಲ್ಲೋ ಮಾವಿನ ಗಿಡದ ಕೆಳಗೆ ಕಾರು ನಿಲ್ಲಿಸುವವರು ಹೂ ಬಿಡುವ ಕಾಲ ಬಂತೆಂದರೆ ಒಂದೇ ದೂರು ಹೇಳುತ್ತಾರೆ: ಗಿಡ ಅಂಟು ಸುರಿಸುತ್ತದೆ. ಬಾನೆಟ್ ತುಂಬ ಸಣ್ಣ ಸಣ್ಣ ಹನಿ, ಮುಟ್ಟಿದರೆ ಬೆರಳಿಗೆ ಅಂಟು, ವೈಪರ್ ಹಾಕಿದರೆ ಗಾಜೆಲ್ಲ ಮಸುಕು. ಆದರೆ ಇದರಲ್ಲಿ ಗಿಡದ ತಪ್ಪು ಅಷ್ಟಿಲ್ಲ. ಸುರಿಸುತ್ತಿರುವುದು ಹೂಗೊಂಚಲಿಗೆ ಮುತ್ತಿದ ಜಿಗಿಹುಳು.

ಈ ಹುಳ ಚುಚ್ಚಿ ಕುಡಿಯುವ ರಸದಲ್ಲಿ ಸಕ್ಕರೆ ಬೇಕಾದಷ್ಟಿದೆ, ಮೈ ಬೆಳೆಸುವ ಅಮೈನೋ ಆಮ್ಲ ಮಾತ್ರ ಬಹಳ ಕಡಿಮೆ. ಅದು ಸಾಕಾಗಬೇಕೆಂದರೆ ರಸವನ್ನು ಹೊಟ್ಟೆ ಬಿರಿಯುವಷ್ಟು ಹೀರಬೇಕು, ಹೆಚ್ಚಾದ ಸಕ್ಕರೆ ನೀರನ್ನು ಹಿಂದಿನಿಂದ ಹೊರಹಾಕಬೇಕು. ಎಲೆಗಳ ಮೇಲೆ ಅದೇ ಸಿಹಿ ಹನಿಗೆ ಇರುವೆ ಬರುತ್ತವೆ, ಆಮೇಲೆ ಕಪ್ಪು ಬೂಷ್ಟು ಹಿಡಿಯುತ್ತದೆ. ಕಾರಿನ ಮೇಲೂ ನಾಲ್ಕು ದಿನ ಬಿಟ್ಟರೆ ಕಪ್ಪು ಚುಕ್ಕೆ ಕಾಣುವುದು ಇದರಿಂದಲೇ. ಮುಖ್ಯ ವಿಷಯ, ಇದು ಸಕ್ಕರೆ. ನೀರಿಗೆ ಕರಗುತ್ತದೆ.

ಎಲ್ಲ ಅಂಟೂ ಹೀಗಲ್ಲ. ಜಾಲಿ, ಬೇವಿನ ತೊಗಟೆ ಗಾಯವಾದಲ್ಲಿ ಒಸರುವ ಗೋಂದು ಸಕ್ಕರೆಯ ಕಣಗಳೇ ಉದ್ದುದ್ದ ಸರಪಳಿ ಕಟ್ಟಿಕೊಂಡದ್ದು. ಅದೂ ನೀರಿಗೆ ಬಗ್ಗುತ್ತದೆ, ಆದರೆ ನೆನೆಯಲು ಹೊತ್ತು ಬೇಕು. ಮಾವಿನಕಾಯಿಯ ತೊಟ್ಟು ಮುರಿದಾಗ ಚಿಮ್ಮುವ ಸೊನೆಯಲ್ಲಿ ಚರ್ಮ ಸುಡುವ ಎಣ್ಣೆಯಂಶವಿದೆ. ಅದಕ್ಕೆ ನೀರು ಸಾಲದು, ಸ್ಪಿರಿಟ್ ಬೇಕು. ಆಲ, ಅತ್ತಿ, ಹಲಸಿನ ಹಾಲು ಇನ್ನೊಂದೇ ಜಾತಿ. ಅದು ಗಟ್ಟಿಯಾದರೆ ರಬ್ಬರ್, ನೀರಿಗೂ ಸ್ಪಿರಿಟ್ಟಿಗೂ ಜಗ್ಗುವುದಿಲ್ಲ. ಖಾನಾಪುರದ ಕಡೆ ಹಲಸು ಹೆಚ್ಚುವವರು ಕೈಗೂ ಕುಡುಗೋಲಿಗೂ ಎಣ್ಣೆ ಸವರಿಕೊಳ್ಳುವುದು ಸುಮ್ಮನೆ ಅಲ್ಲ. ರಬ್ಬರ್ ಎಣ್ಣೆಯೊಡನೆ ಮೆತ್ತಗಾಗುತ್ತದೆ. ಕಾರಿಗೂ ಶೇಂಗಾ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಸೋಪಿನ ನೀರಲ್ಲಿ ತೊಳೆದರೆ ಸಾಕು. ಅಂಗಡಿಯವರು ಎಲ್ಲಕ್ಕೂ ಒಂದೇ ಬಾಟಲಿ ಮಾರುತ್ತಾರೆ. ನನಗೆ ಅದರಲ್ಲಿ ನಂಬಿಕೆ ಕಡಿಮೆ.

ಇನ್ನು ಬಣ್ಣದ ಕಡೆ ನೋಡೋಣ. ಉಕ್ಕಿನ ತಗಡಿನ ಮೇಲೆ ಫಾಸ್ಫೇಟ್ ಲೇಪ, ಅದರ ಮೇಲೆ ವಿದ್ಯುತ್ ಹರಿಸಿ ಕೂರಿಸಿದ ಪ್ರೈಮರ್, ಇನ್ನೊಂದು ಪ್ರೈಮರ್, ನಂತರ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ. ಎಲ್ಲ ಸೇರಿ ಸುಮಾರು 100ರಿಂದ 140 ಮೈಕ್ರಾನ್ ದಪ್ಪ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಹೊಳಪು ಕೊಡುವ ಕ್ಲಿಯರ್ ಕೋಟಿನ ಪಾಲು ಅದರಲ್ಲಿ ನಲವತ್ತರ ಆಸುಪಾಸು, ಅಂದರೆ ತಲೆಕೂದಲಿಗಿಂತ ತೆಳು. ಬಿಸಿಲನ್ನು ತಡೆಯುವ ರಾಸಾಯನಿಕ ಇರುವುದೂ ಈ ಪದರದಲ್ಲೇ.

ಈ ಪದರ ಒಂದಕ್ಕೊಂದು ಹೆಣೆದುಕೊಂಡ ಪ್ಲಾಸ್ಟಿಕ್ ಸರಪಳಿಗಳ ಜಾಲ. ತಣ್ಣಗಿದ್ದಾಗ ಗಾಜಿನ ಗುಣ. 50–60 ಡಿಗ್ರಿ ದಾಟುತ್ತಿದ್ದಂತೆ ಸರಪಳಿಗಳು ಸಡಿಲಾಗಿ ಮೆತ್ತಗಾಗುತ್ತದೆ. ವಿಜಯಪುರದಲ್ಲಿ ಮೇ ತಿಂಗಳ ಮಧ್ಯಾಹ್ನ ಗಾಳಿಯೇ 40 ಡಿಗ್ರಿ ಇರುವಾಗ ಕಪ್ಪು ಕಾರಿನ ಬಾನೆಟ್ 70 ದಾಟುತ್ತದೆ. ನೆರಳಲ್ಲಿ ಬಿದ್ದ ಹನಿ ತನ್ನ ಕೆಲಸ ಶುರು ಮಾಡುವುದು ಕಾರು ಬಿಸಿಲಿಗೆ ಹೋದ ಮೇಲೆ. ನೀರು ಆರಿ ಹನಿ ಗಟ್ಟಿಯಾಗುತ್ತದೆ, ಗಟ್ಟಿಯಾಗುತ್ತ ಕುಗ್ಗುತ್ತದೆ, ಕುಗ್ಗುವಾಗ ಕೆಳಗಿನ ಮೆತ್ತನೆಯ ಪದರವನ್ನೂ ತನ್ನ ಜೊತೆ ಎಳೆಯುತ್ತದೆ. ಅಂಟಿನಲ್ಲಿ ಹುಳಿ ಅಂಶ ಇದ್ದರೆ ಜಾಲದ ಕೊಂಡಿಗಳನ್ನೂ ಕಡಿಯುತ್ತದೆ. ಸಂಜೆ ತಂಪಾದಾಗ ಪದರ ಅದೇ ಆಕಾರದಲ್ಲಿ ಬಿಗಿಯುತ್ತದೆ. ಅಂಟು ತೊಳೆದು ಹೋದ ಮೇಲೂ ಉಂಗುರದ ಗುರುತು ಉಳಿಯುವುದು ಹೀಗೆ. ಕಾರು ಕಂಪನಿಗಳು ಇದನ್ನು ಪರೀಕ್ಷಿಸಿಯೇ ನೋಡುತ್ತವೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಶಾಖ ಏರುತ್ತ ಹೋಗುವ ಒಲೆಯಲ್ಲಿ ಬಣ್ಣ ಹಚ್ಚಿದ ತಗಡಿಟ್ಟು, ಉದ್ದಕ್ಕೂ ಗಿಡದ ಗೋಂದು, ಗಂಧಕಾಮ್ಲ, ಹಕ್ಕಿ ಹಿಕ್ಕೆಯ ಬದಲಿಗೆ ಪ್ಯಾಂಕ್ರಿಯಾಟಿನ್ ಎಂಬ ಪಾಚಕ ವಸ್ತು, ಇವುಗಳ ಹನಿ ಹಾಕಿ, ಯಾವ ಡಿಗ್ರಿಯಲ್ಲಿ ಮೊದಲ ಕಲೆ ಬಿತ್ತೆಂದು ಬರೆದುಕೊಳ್ಳುತ್ತಾರೆ.

ಹಾಗಾಗಿ ನಿಮ್ಮ ಕಾರಿನ ಕಲೆ ಪದರದ ಮೇಲಿದೆಯೋ ಒಳಗೋ ಎಂದು ಮೊದಲು ನೋಡಬೇಕು. ಕಾರು ತೊಳೆದು, ಕೈಗೆ ತೆಳ್ಳನೆಯ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಾನೆಟ್ ಮೇಲೆ ಹಗುರಾಗಿ ಸವರಿ. ಬರಿಗೈಗೆ ಗೊತ್ತಾಗದ ತರಿ ಆಗ ಚೆನ್ನಾಗಿ ತಿಳಿಯುತ್ತದೆ. ತರಿ ಸಿಕ್ಕರೆ ಅಂಟು ಇನ್ನೂ ಮೇಲಿದೆ: ಬಿಸಿನೀರಲ್ಲಿ ಅದ್ದಿದ ಬಟ್ಟೆ ಹತ್ತು ನಿಮಿಷ ಹಾಸಿಡಿ. ಹೋಗದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್. ಕೊರೊನಾ ಕಾಲದ ಸ್ಯಾನಿಟೈಜರ್ ಜೆಲ್ ಮನೆಯಲ್ಲಿ ಉಳಿದಿದ್ದರೆ ಅದೂ ನಡೆಯುತ್ತದೆ, ಜೆಲ್ ಬೇಗ ಆರುವುದಿಲ್ಲ. ಥಿನ್ನರ್ ಮಾತ್ರ ಬೇಡ. ಕಾರ್ಖಾನೆಯ ಒಲೆಯಲ್ಲಿ ಬೆಂದ ಕ್ಲಿಯರ್ ಕೋಟು ಥಿನ್ನರಿಗೆ ಕರಗದೆ ಊದಿಕೊಳ್ಳಬಹುದು, ಆದರೆ ಸ್ಪ್ರೇ ಡಬ್ಬಿಯಿಂದ ಹೊಡೆದ ಟಚ್‌ಅಪ್ ನೇರ ಬಟ್ಟೆಗೇ ಬರುತ್ತದೆ. ಒಣ ಧೂಳಿನ ಮೇಲೆ ಬಟ್ಟೆ ಹೊಡೆಯುವುದೂ ಬೇಡ. ನಮ್ಮ ಧೂಳಿನಲ್ಲಿರುವ ಮರಳು ಕ್ಲಿಯರ್ ಕೋಟಿಗಿಂತ ಎಷ್ಟೋ ಗಟ್ಟಿ.

ಕೈಗೆ ನುಣುಪು, ಕಣ್ಣಿಗೆ ಉಂಗುರ ಎಂದಾದರೆ ಕಲೆ ಒಳಗಿಳಿದಿದೆ. ಉದ್ಯಮಬಾಗದ ಕಡೆಯ ಪೇಂಟರ್ ಒಬ್ಬರು ನನಗೆ ಹೇಳಿದ್ದು: ‘ಮ್ಯಾಲಿನ ಅಂಟು ತಗೀಬೌದ್ರೀ ಸರ, ಒಳಗ ಇಳಿದಿದ್ದಕ್ಕ ತಿಕ್ಕೋದ ಒಂದ ದಾರಿ. ಆದ್ರ ಎಷ್ಟ ಸಲ ತಿಕ್ಕಸ್ತೀರಿ?’

ಅವರ ಪ್ರಶ್ನೆಯಲ್ಲೇ ಲೆಕ್ಕವಿದೆ. ಪಾಲಿಶ್ ಮಾಡಿದರೆ ಅಂಟು ಎಳೆದು ಬಿದ್ದ ಗುಂಡಿ ತುಂಬುವುದಿಲ್ಲ, ಅದು ಸುತ್ತಲಿನ ಪದರವನ್ನು ಗುಂಡಿಯ ಮಟ್ಟಕ್ಕೆ ಇಳಿಸುತ್ತದೆ. ರಬ್ಬಿಂಗ್ ಕಂಪೌಂಡಿನ ಅಲ್ಯೂಮಿನಿಯಂ ಆಕ್ಸೈಡ್ ಕಣಗಳು ಒಂದು ಸುತ್ತಿಗೆ ಒಂದೆರಡು ಮೈಕ್ರಾನ್ ತೆಗೆಯುತ್ತವೆ. ಮೊದಲು ಎರಡು ಸಾವಿರ ನಂಬರಿನ ಸ್ಯಾಂಡ್‌ಪೇಪರ್ ಹಾಕಿದರೆ ಇನ್ನೂ ಹೆಚ್ಚು. ನಲವತ್ತರಲ್ಲಿ ಇದು ಕಡಿಮೆಯಲ್ಲ. ಬಾಗಿಲಿನ ಮಡಿಕೆ, ಬಾನೆಟ್ಟಿನ ಅಂಚುಗಳಲ್ಲಿ ಪದರ ಮೊದಲೇ ತೆಳು, ಬಫಿಂಗ್ ಮಷೀನ್ ಅಲ್ಲಿ ಒಂದು ಗಳಿಗೆ ನಿಂತರೂ ಒಳಗಿನ ಬಣ್ಣ ಕಾಣುತ್ತದೆ. ದಪ್ಪ ಅಳೆಯುವ ಮೀಟರ್ ಇದ್ದರೂ ಗ್ಯಾರೇಜಿನ ಸಾಮಾನ್ಯ ಮೀಟರ್ ತೋರಿಸುವುದು ಒಟ್ಟು ದಪ್ಪ. ಅದರಲ್ಲಿ ಕ್ಲಿಯರ್ ಎಷ್ಟು ಉಳಿದಿದೆಯೆಂದು ಹೇಳುವುದಿಲ್ಲ. ಪ್ಲಾಸ್ಟಿಕ್ ಬಂಪರಿಗೆ ಅದು ಕೆಲಸವನ್ನೇ ಮಾಡುವುದಿಲ್ಲ.

ಅಗ್ಗದ ಪಾಲಿಶ್‌ಗಳಲ್ಲಿ ಎಣ್ಣೆ, ಮೇಣ ಬೆರೆತಿರುತ್ತವೆ. ಅವು ಗುಂಡಿಯಲ್ಲಿ ಕೂತು ಬೆಳಕು ಚದುರದಂತೆ ಮಾಡುತ್ತವೆ, ಗಾಡಿ ಫಳಫಳ. ನಾಲ್ಕು ಸಲ ತೊಳೆದರೆ ಉಂಗುರ ಮತ್ತೆ ಹಾಜರ್. ಹಣ ಕೊಡುವ ಮುನ್ನ ಒಂದು ಕಡೆ ಆಲ್ಕೊಹಾಲ್‌ನಲ್ಲಿ ಒರೆಸಿ ನೋಡಿ, ಆಗಲೂ ಕಲೆ ಕಾಣದಿದ್ದರೆ ಕೆಲಸ ನಿಜವಾಗಿ ಆಗಿದೆ. ಗುಂಡಿ ಕೆಳಗಿನ ಬಣ್ಣದವರೆಗೆ ಇಳಿದಿದ್ದರೆ ತಿಕ್ಕುವುದು ವ್ಯರ್ಥ. ಆ ಪ್ಯಾನೆಲ್ಲಿಗೆ ಬಣ್ಣ ಮತ್ತು ಕ್ಲಿಯರ್ ಹೊಸದಾಗಿ ಹೊಡೆಸಬೇಕು. ಕ್ಲಿಯರ್ ಗಟ್ಟಿಯಾಗಲೆಂದು ಬೆರೆಸುವ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಉಸಿರಿಗೆ ಸೇರಿದರೆ ಉಬ್ಬಸ ತರುವ ವಸ್ತು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಅಂಗಳದಲ್ಲಿ ಹೊಡೆಯುವ ಕೆಲಸ ಅದಲ್ಲ.