ಪಕ್ಕಿ, ಹಕ್ಕಿ, ಹಾಕಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಕುಂಬಳೆ ಕಡೆಯ ಕನ್ನಡ ಶಾಲೆಗಳ ಶಿಕ್ಷಕರಿಗೆ ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚೆನ್ನಾಗಿದ್ದರೂ ಓದು-ಬರಹ ಕಷ್ಟವಾಗುವ ಸಮಸ್ಯೆ, ಇದರ ಬಗ್ಗೆ ತರಬೇತಿ ಕೊಡುವಾಗ ನಾನು ಭಾಷಣದಿಂದ ಶುರು ಮಾಡುವುದಿಲ್ಲ. ತುಳು ಲಿಪಿಯಲ್ಲಿ ಬರೆದ ನಾಲ್ಕು ಸಾಲು ಕನ್ನಡ ಕೈಗೆ ಕೊಟ್ಟು, ಪಕ್ಕದಲ್ಲಿ ಅಕ್ಷರಪಟ್ಟಿ ಇಟ್ಟು, ಜೋರಾಗಿ ಓದಿ ಅನ್ನುತ್ತೇನೆ. ಭಾಷೆ ಗೊತ್ತು, ಪದ ಗೊತ್ತು, ಆದರೂ ಬಾಯಿ ಕಟ್ಟುತ್ತದೆ. ಎಷ್ಟೋ ವರ್ಷ ಪಾಠ ಮಾಡಿದ ಮಾಷ್ಟ್ರು ಬೆರಳಿಟ್ಟು ‘ಮ... ಮಳೆ... ಮಳೆಗಾ...’ ಎಂದು ತಡವರಿಸುತ್ತಾರೆ. ಮಲಯಾಳ ಚೆನ್ನಾಗಿ ಓದುವವರು ಸ್ವಲ್ಪ ಬೇಗ ದಡ ಸೇರುತ್ತಾರೆ, ಎರಡು ಲಿಪಿಗೂ ಹೋಲಿಕೆ ಇದೆ ಅಲ್ವಾ. ನಾಲ್ಕನೇ ಸಾಲು ಮುಗಿದಾಗ ಮೊದಲ ಸಾಲಿನಲ್ಲಿ ಏನಿತ್ತು ಎಂದು ಕೇಳಿದರೆ ಹೆಚ್ಚಿನವರಿಗೆ ನೆನಪಿರುವುದಿಲ್ಲ. ‘ಓದ್ತಾನೆ, ಆದ್ರೆ ತಲೆಗೆ ಹೋಗಲ್ಲ’ ಎಂದು ನಾವು ಮಕ್ಕಳ ಮೇಲೆ ಹಾಕುವ ದೂರು ಇದೇ.

ಇಂಗ್ಲಿಷಿನಿಂದ ಬಂದ ಕೈಪಿಡಿಗಳಲ್ಲಿ ‘ಬಿ’ಯನ್ನು ‘ಡಿ’ ಎಂದು ತಿರುಗಿಸಿ ಬರೆಯುವ ಮಗುವಿನ ಕಥೆ ಇರುತ್ತದೆ. ಕನ್ನಡದ ಕಷ್ಟ ಬೇರೆ. ವ್ಯಂಜನಗಳಿಗೆ ಕಾಗುಣಿತ ಸೇರಿದರೆ ಲೆಕ್ಕ ನಾನೂರು ದಾಟುತ್ತದೆ, ಅದರ ಮೇಲೆ ಒತ್ತಕ್ಷರ. ‘ಸೂರ್ಯ’ ನೋಡಿ: ಬಾಯಿಗೆ ‘ರ್’ ಮೊದಲು, ಕಣ್ಣಿಗೆ ‘ಯ’ ಮೊದಲು. ಕನ್ನಡ ಮಕ್ಕಳಿಗೆ ಅಕ್ಷರಗಳು ಪೂರ್ತಿ ಕೈಗೆ ಬರಲು ನಾಲ್ಕನೇ ತರಗತಿವರೆಗೂ ಬೇಕಾಗುತ್ತದೆ ಎಂದು ಸಂಶೋಧಕಿ ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಹಾಗಾಗಿ ಎರಡನೇ ತರಗತಿಯಲ್ಲಿ ಒತ್ತು ಬಿಟ್ಟರೆ ಗಾಬರಿ ಬೇಡ.

ನಮ್ಮ ಊರಿನ ಗೊಂದಲ ಇನ್ನೊಂದು. ಮನೆಯಲ್ಲಿ ತುಳು, ಬ್ಯಾರಿ, ಮರಾಠಿ, ಕೊಂಕಣಿ, ಶಾಲೆಯಲ್ಲಿ ಕನ್ನಡ, ಬಸ್ಸಿನ ಬೋರ್ಡು ಮಲಯಾಳ. ನಾಲ್ಕನೇ ತರಗತಿಯ ಹುಡುಗನೊಬ್ಬ ‘ಹಕ್ಕಿ’ ಇದ್ದಲ್ಲಿ ‘ಪಕ್ಕಿ’ ಎಂದು ಓದುತ್ತಿದ್ದ. ಮನೆಮಾತು ತುಳು, ಅದರಲ್ಲಿ ಹಕ್ಕಿಗೆ ಪಕ್ಕಿ ಎಂದೇ ಹೇಳುವುದು, ಸರಿಹೋಗುತ್ತದೆ ಎಂದು ಸುಮ್ನೆ ಬಿಟ್ಟೆ. ಒಂದಿಡೀ ವರ್ಷ ಬಿಟ್ಟೆ, ಅದು ನನ್ನದೇ ತಪ್ಪು. ಒಂದು ದಿನ ಸ್ಲೇಟಿನಲ್ಲಿ ‘ಹಾಕಿ’ ಎಂದು ಬರೆದೆ. ಅದನ್ನೂ ‘ಪಕ್ಕಿ’ ಎಂದ. ಆಮೇಲೆ ಮೆಲ್ಲಗೆ ಕೇಳಿದ, “ಟೀಚರ್, ಚಿತ್ರ ಎಲ್ಲಿ?”

ಈಗ ತರಬೇತಿಯಲ್ಲಿ ಚಿತ್ರ ನೋಡಿ ಊಹಿಸುವ ಈ ಓದಿಗೇ ಜಾಸ್ತಿ ಹೊತ್ತು ಕೊಡುತ್ತೇನೆ. ಚಿತ್ರವನ್ನು ಅಂಗೈಯಿಂದ ಮುಚ್ಚಿ ಓದಿಸಿ. ‘ಲಮಟ’ದಂಥ ಅರ್ಥವಿಲ್ಲದ ಪದ ಕೊಡಿ, ಅಲ್ಲಿ ಊಹೆ ನಡೆಯುವುದಿಲ್ಲ. ‘ಪಕ್ಕಿ’ಯಲ್ಲಿ ‘ಪ’ ತೆಗೆದರೆ ಏನುಳಿಯಿತು ಎಂದು ತುಳುವಿನಲ್ಲೇ ಕೇಳಿ. ಸ್ವಂತ ಮನೆಮಾತಿನಲ್ಲೂ ಸದ್ದು ಬಿಡಿಸಲು ಮಗು ಒದ್ದಾಡಿದರೆ, ಇದು ಕನ್ನಡ ಬಾರದ ಸಮಸ್ಯೆ ಅಲ್ಲ. ‘ಶಾಲೆ’ಯನ್ನು ‘ಸಾಲೆ’ ಎಂದರೆ ಮಾತ್ರ ಕೆಂಪು ಶಾಯಿ ತೆಗೆಯಬೇಡಿ. ಅದು ನಾಲಗೆಯ ಅಭ್ಯಾಸ, ಅಕ್ಷರ ಸರಿಯಾಗಿಯೇ ಕಂಡಿದೆ.

ಡಿಸ್ಲೆಕ್ಸಿಯಾ ಗುರುತಿಸಲು ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಮಾಡಿದ ‘ಡಾಲಿ’ ಪರೀಕ್ಷೆ ಕನ್ನಡದಲ್ಲೂ ಇದೆ, 2015ರಲ್ಲಿ ಬಂತು. ಅದರಲ್ಲಿ ಶಿಕ್ಷಕರು ಮಾಡುವುದು ಪ್ರಾಥಮಿಕ ತಪಾಸಣೆ ಮಾತ್ರ. ಡಿಸ್ಲೆಕ್ಸಿಯಾ ಹೌದೋ ಅಲ್ಲವೋ ಹೇಳುವುದು ತಜ್ಞರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿರುವುದರಿಂದ ನ್ಯೂನತೆಯ ಪ್ರಮಾಣಪತ್ರದ ಕಾಗದಕ್ಕೆ ಬೆಲೆ ಇದೆ. ಆದರೆ ಕಾಗದ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ.

ಆ ಹುಡುಗನ ಜೊತೆ ದಿನಾ ಊಟದ ಗಂಟೆಗೆ ಮೊದಲು ಹದಿನೈದು ನಿಮಿಷ ಕೂತೆ. ಕಾಪಿ ಬರೆಸಲಿಲ್ಲ. ಅಕ್ಷರಕ್ಕೊಂದು ಹುಣಸೆ ಬೀಜ, ಒತ್ತು ಇದ್ದರೆ ಬೀಜದ ಕೆಳಗೆ ಒಂದು ಅಕ್ಕಿ ಕಾಳು. ಮೂರನೇ ವಾರ ಮತ್ತೆ ‘ಹಾಕಿ’, ‘ಹಕ್ಕಿ’ ಬರೆದೆ. ಎರಡಕ್ಕೂ ಎರಡೆರಡು ಬೀಜ ಇಟ್ಟ. ತುಂಬಾ ಹೊತ್ತು ನೋಡಿದ. ಆಮೇಲೆ ಒಂದರ ಕೆಳಗೆ ಮಾತ್ರ ಅಕ್ಕಿ ಇಟ್ಟು, “ಇದು ಹಕ್ಕಿ” ಅಂದ.