ದೋಣಿ ಇದೆ ಅಂದ ಮಾತ್ರಕ್ಕೆ ಕಥೆ ಒಂದೇ ಆಗಲ್ಲ

ಪುರಾಣ, ಜಾನಪದ ಪಾಠ ಮಾಡೋ ನಂಗೆ ಪ್ರತಿ ಉಪನ್ಯಾಸ ಆದ್ಮೇಲೂ ಒಂದು ಪ್ರಶ್ನೆ ಗ್ಯಾರಂಟಿ. "ಸಾರ್, ಮನು, ಬೈಬಲ್‌ನ ನೋಹ, ಗಿಲ್ಗಮೇಶ್ ಮೂವರ ಕಥೇಲೂ ಪ್ರಳಯ ಇದೆ, ದೋಣಿ ಇದೆ, ಅಂದ್ಮೇಲೆ ಮೂಲ ಒಂದೇ ತಾನೇ?" ಮೊದಲು ಒಂದು ವಿಷಯ, ಗಿಲ್ಗಮೇಶ್ ಅಂದ್ರೆ ಮೆಸೊಪೊಟೇಮಿಯಾದ (ಈಗಿನ ಇರಾಕ್ ಕಡೆಯ) ಹಳೇ ಕಾವ್ಯದ ರಾಜ, ಅದ್ರಲ್ಲಿ ದೋಣಿ ಕಟ್ಟಿದ್ದು ಅವನಲ್ಲ, ಪ್ರಳಯದಲ್ಲಿ ಬದುಕುಳಿದ ಉತ್ನಪಿಷ್ಟಿಮ್. ಗಿಲ್ಗಮೇಶ್ ಅವನ ಬಾಯಿಂದ ಆ ಕಥೆ ಕೇಳಿದೋನು ಅಷ್ಟೇ.

ನೋಡಿ, ನದಿ ದಡದಲ್ಲಿ ಬದುಕೋರಿಗೆ ನೆರೆ ಅಂದ್ರೆ ಭಯ ಇದ್ದೇ ಇರುತ್ತೆ, ನೆರೆ ಬಂದ್ರೆ ದೋಣಿ ಬೇಕೇ ಬೇಕು, ಅದಕ್ಕೆ ಯಾರಿಂದಲೂ ಕಥೆ ಸಾಲ ತರಬೇಕಾಗಿಲ್ಲ. ಸಂಬಂಧ ಹುಡುಕೋದಾದ್ರೆ ಕಥೆಗೆ ಅಷ್ಟೇನೂ ಅಗತ್ಯ ಇಲ್ಲದ ಸಣ್ಣ ವಿವರ ನೋಡಬೇಕು. ಉತ್ನಪಿಷ್ಟಿಮ್ ನೀರು ಇಳಿದಿದ್ಯಾ ಅಂತ ನೋಡೋಕೆ ಪಾರಿವಾಳ, ಆಮೇಲೆ ಕವಲುತೋಕೆ ಹಕ್ಕಿ, ಕೊನೆಗೆ ಕಾಗೆ ಬಿಡ್ತಾನೆ, ನೋಹನೂ ಕಾಗೆ, ಪಾರಿವಾಳ ಬಿಡ್ತಾನೆ. ಇದು ಕಾಕತಾಳೀಯ ಅನ್ನೋದು ಕಷ್ಟ. 1872ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಜಾರ್ಜ್ ಸ್ಮಿತ್ ಉತ್ನಪಿಷ್ಟಿಮ್ ಕಥೆ ಬರೆದಿದ್ದ ಮಣ್ಣಿನ ಹಲಗೆ ಓದಿ ಹೇಳಿದಾಗ ಜನ ಬೆಚ್ಚಿಬಿದ್ದಿದ್ದೂ ಇದಕ್ಕೇ.

ಈಗ ಶತಪಥ ಬ್ರಾಹ್ಮಣ ಅನ್ನೋ ವೇದಕಾಲದ ಗ್ರಂಥದ ಮನು ಕಥೆ ತಗೊಳ್ಳಿ. ಬೆಳಗ್ಗೆ ಕೈ ತೊಳೆಯೋ ನೀರಲ್ಲಿ ಪುಟ್ಟ ಮೀನು ಸಿಗುತ್ತೆ, ನನ್ನನ್ನ ಸಾಕು, ನಿನ್ನನ್ನ ಕಾಪಾಡ್ತೀನಿ ಅನ್ನುತ್ತೆ, ಅದನ್ನ ಮಡಕೆಲಿ, ಆಮೇಲೆ ಗುಂಡಿಲಿ ಸಾಕಿ ಸಮುದ್ರಕ್ಕೆ ಬಿಡ್ತಾನೆ, ಕೊನೆಗೆ ಅದರ ಕೊಂಬಿಗೇ ದೋಣಿ ಕಟ್ತಾನೆ. ಹಕ್ಕಿ ಎಲ್ಲೂ ಇಲ್ಲ. ಮೆಸೊಪೊಟೇಮಿಯಾ ಜೊತೆ ಸಂಬಂಧ ಇಲ್ವೇ ಇಲ್ಲ ಅಂತ ನಾನು ಹೇಳಲ್ಲ, ಬರೀ ದೋಣಿ ತೋರಿಸಿ ಇದೆ ಅನ್ನೋಕೂ ಬರಲ್ಲ.

ಒಬ್ರು ರಿಟೈರ್ಡ್ ಇಂಜಿನಿಯರ್ ಇಂಥ ಕಥೆಗಳದ್ದೇ ದೊಡ್ಡ ಚಾರ್ಟ್ ಬರೆದು ತಂದಿದ್ರು, ಸ್ಕೇಲ್ ಇಟ್ಟು ಗೆರೆ ಹಾಕಿ, ದೇಶಕ್ಕೊಂದು ಬಣ್ಣ, ಆ ವಯಸ್ಸಲ್ಲಿ ಅಂಥ ಆಸಕ್ತಿ ನೋಡಿ ತುಂಬಾ ಖುಷಿ ಆಯ್ತು, ಆದ್ರೆ ಕಾಲಂ ಇದ್ದಿದ್ದು ಎರಡೇ: ಪ್ರಳಯ ಇದೆಯಾ, ದೋಣಿ ಇದೆಯಾ. ಪ್ರಳಯ ಯಾಕೆ ಬಂತು ಅನ್ನೋ ಕಾಲಂ ಹಾಕಿ ಸಾರ್ ಅಂದೆ. ಬೈಬಲ್‌ನಲ್ಲಿ ಮನುಷ್ಯರ ಕೆಟ್ಟತನ. ಅತ್ರಹಾಸಿಸ್ ಅನ್ನೋ ಮೆಸೊಪೊಟೇಮಿಯಾದ್ದೇ ಇನ್ನೊಂದು ಪ್ರಳಯ ಕಥೇಲಿ ಮನುಷ್ಯರ ಗಲಾಟೆಗೆ ಎನ್ಲಿಲ್ ದೇವರಿಗೆ ನಿದ್ದೆ ಇಲ್ಲ. ಮನು ಕಥೇಲಿ ಪ್ರಳಯಕ್ಕೆ ಪಾಪ ಕಾರಣ ಅಂತಾನೇ ಇಲ್ಲ. ಆಮೇಲೆ, ನೀರು ಇಳಿದ ಮೇಲೆ ಜನ ಎಲ್ಲಿಂದ ಬಂದ್ರು ಅನ್ನೋದಕ್ಕೂ ಒಂದು ಕಾಲಂ ಬೇಕು, ಯಾಕಂದ್ರೆ ಆಯಾ ಜನ ತಮ್ಮನ್ನ ಏನು ಅಂದ್ಕೊಂಡಿದ್ರು ಅನ್ನೋದು ಅಲ್ಲೇ ಇರೋದು: ಮನು ನೀರಲ್ಲಿ ತುಪ್ಪ, ಮೊಸರು ಹೋಮ ಮಾಡಿದ್ದಕ್ಕೆ ಇಡಾ ಅನ್ನೋ ಹೆಣ್ಣು ಹುಟ್ತಾಳೆ, ಅವಳಿಂದ ಮನು ಸಂತಾನ ಬೆಳೆಯುತ್ತೆ, ಗ್ರೀಸ್‌ನ ಕಥೇಲಿ ಪ್ರಳಯದಿಂದ ಬದುಕುಳಿದ ಗಂಡ ಹೆಂಡತಿ ಡ್ಯೂಕಾಲಿಯನ್, ಪಿರ್ರಾ ಹಿಂದಕ್ಕೆ ಎಸೆದ ಕಲ್ಲುಗಳೇ ಗಂಡಸರು, ಹೆಂಗಸರು ಆಗ್ತಾರೆ.