ಪಟ್ಟಿಯಲ್ಲಿ ನಮ್ಮವರು ಯಾರು? ಭಾರತ ಹಾಕಿ ತಂಡದ ಏಳುಬೀಳು ಮತ್ತು ಕೊಡಗು

ಒಲಿಂಪಿಕ್ಸ್‌ಗೋ ವಿಶ್ವಕಪ್‌ಗೋ ಹೊರಡುವ ಭಾರತ ಹಾಕಿ ತಂಡದ ಪಟ್ಟಿ ಪ್ರಕಟವಾದ ದಿನ ಕೊಡಗಿನ ಮನೆಗಳಲ್ಲಿ ಅದನ್ನು ಓದುವ ಕ್ರಮವೇ ಬೇರೆ. ನಾಯಕ ಯಾರು, ಗೋಲ್‌ಕೀಪರ್ ಯಾರು ಎಂಬುದೆಲ್ಲ ಆಮೇಲಿನ ಮಾತು. ಕಣ್ಣು ಮೊದಲು ಹುಡುಕುವುದು ಊರಿನ ಹೆಸರನ್ನು. ಪತ್ರಿಕೆಯಲ್ಲಿ ‘ಎಸ್.ಕೆ. ಉತ್ತಪ್ಪ’ ಎಂದು ಅಚ್ಚಾಗಿದ್ದರೆ ಇಲ್ಲಿಯವರು ಅದನ್ನು ‘ಸಣ್ಣುವಂಡ ಉತ್ತಪ್ಪ’ ಎಂದು ಮನೆತನ ಸೇರಿಸಿಯೇ ಓದುತ್ತಾರೆ. ಹುಡುಗ ಯಾವ ಊರಿನವನು, ತಾಯಿಯ ತವರು ಯಾವುದು, ನಮಗೆ ಯಾವ ಕಡೆಯಿಂದ ನೆಂಟ ಎಂಬ ಲೆಕ್ಕ ಮುಗಿದ ಮೇಲಷ್ಟೇ ಎದುರಾಳಿ ತಂಡಗಳ ವಿಚಾರ ಬರುತ್ತದೆ. ಭಾರತ ಗೆದ್ದಾಗ ಕೊಡಗು ಹೇಗೆ ಹಿಗ್ಗಿತು, ಸೋತಾಗ ಯಾರನ್ನು ದೂರಿತು ಎಂಬುದನ್ನು ಅರಿಯಬೇಕಾದರೆ ಈ ಪಟ್ಟಿ ಓದುವ ಅಭ್ಯಾಸದಿಂದಲೇ ಆರಂಭಿಸಬೇಕು.

ಏಕೆಂದರೆ 2021ರ ಆಗಸ್ಟ್ 5ರಂದು ಟೋಕಿಯೊದಲ್ಲಿ ಭಾರತ 1–3ರ ಹಿನ್ನಡೆಯಿಂದ ಮೇಲೆದ್ದು ಜರ್ಮನಿಯನ್ನು 5–4ರಿಂದ ಮಣಿಸಿ, 41 ವರ್ಷಗಳ ನಂತರ ಒಲಿಂಪಿಕ್ ಪದಕ ಗೆದ್ದ ಬೆಳಿಗ್ಗೆ, ಕಕ್ಕಡ ತಿಂಗಳ ಮಳೆಯಲ್ಲಿ ಟಿ.ವಿ. ಮುಂದೆ ಕುಳಿತಿದ್ದ ಇಲ್ಲಿಯ ಎಷ್ಟೋ ಮಂದಿಯ ಸಂತೋಷದ ಒಳಗೊಂದು ಚುಚ್ಚು ಇತ್ತು. ಕೊನೆಯ ಕ್ಷಣಗಳ ಪೆನಾಲ್ಟಿ ಕಾರ್ನರನ್ನು ಗೋಲ್‌ಕೀಪರ್ ಶ್ರೀಜೇಶ್ ತಡೆದಾಗ ನಮ್ಮ ಮನೆಯಲ್ಲಿಯೂ ಕೂಗು ಎದ್ದಿತು, ಕಣ್ಣಲ್ಲಿ ನೀರೂ ಬಂತು. ಆದರೆ ಆ ತಂಡದಲ್ಲಿ ಕೊಡಗಿನ ಒಬ್ಬ ಆಟಗಾರನೂ ಇರಲಿಲ್ಲ. ಸೋಲಿನ ವರ್ಷಗಳಲ್ಲೆಲ್ಲ ಜೊತೆಗಿದ್ದ ನಾಡು ಗೆಲುವಿನ ದಿನ ಹೊರಗೆ ನಿಂತು ನೋಡಬೇಕಾಯಿತು. ಹೀಗಾಗಲು ಐವತ್ತು ವರ್ಷಗಳೇ ಹಿಡಿದವು.

ಕೊಡಗಿಗೆ ಹಾಕಿ ಬಂದದ್ದು ಮುಖ್ಯವಾಗಿ ಸೇನೆಯ ದಾರಿಯಲ್ಲಿ ಮತ್ತು ಶಾಲೆಗಳ ಮೈದಾನಗಳಲ್ಲಿ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರಂತಹ ದಂಡನಾಯಕರನ್ನು ಕೊಟ್ಟ ನಾಡಿನಲ್ಲಿ ರಜೆಗೆ ಬಂದ ಯೋಧನ ಟ್ರಂಕಿನ ಪಕ್ಕದಲ್ಲಿ ಹಾಕಿ ಸ್ಟಿಕ್ಕೂ ಇರುವುದು ಹೊಸ ನೋಟವಾಗಿರಲಿಲ್ಲ. 1928ರ ಆಮ್‌ಸ್ಟರ್‌ಡ್ಯಾಮ್‌ನಿಂದ 1956ರ ಮೆಲ್ಬರ್ನ್‌ವರೆಗೆ ಭಾರತ ಆಡಿದ ಆರು ಒಲಿಂಪಿಕ್ಸ್‌ಗಳಲ್ಲಿಯೂ ಚಿನ್ನ ಗೆದ್ದಿತು. ಆ ಕಾಲದ ಅಭಿಮಾನಿಗೆ ಗೆಲುವು ಋತುಮಾನದಂತೆ ತಾನಾಗಿ ಬರುವ ಸಂಗತಿಯಾಗಿತ್ತು. 1960ರ ರೋಮ್ ಫೈನಲ್‌ನಲ್ಲಿ ಪಾಕಿಸ್ತಾನ 1–0ಯಿಂದ ಗೆದ್ದಾಗ ಆ ನಂಬಿಕೆ ಮೊದಲ ಬಾರಿ ಅಲುಗಿತು.

ಕೊಡಗಿನ ಅಭಿಮಾನಕ್ಕೆ ತನ್ನದೇ ಮುಖ ಬಂದದ್ದು ಎಪ್ಪತ್ತರ ದಶಕದಲ್ಲಿ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿ ಮೊಳ್ಳೇರ ಗಣೇಶ್ ಮತ್ತು ಸೋಮವಾರಪೇಟೆಯ ಬಿ.ಪಿ. ಗೋವಿಂದ ಇಬ್ಬರೂ ಇದ್ದರು. ಮರುವರ್ಷ ಹಾಲೆಂಡಿನ ಆಮ್‌ಸ್ಟಲ್‌ವೀನ್‌ನಲ್ಲಿ ನಡೆದ ಎರಡನೇ ವಿಶ್ವಕಪ್‌ಗೆ ಗಣೇಶ್ ಅವರೇ ನಾಯಕರು. 1973ರ ಸೆಪ್ಟೆಂಬರ್ 2ರ ಫೈನಲ್. ಇಲ್ಲಿ ನಾಟಿ ಮುಗಿದು ಕೈಲ್‌ಪೊಳ್ದ್ ಹಬ್ಬದ ಸಡಗರದ ದಿನಗಳು. ಆತಿಥೇಯರ ಎದುರು ಭಾರತ ಎರಡು ಗೋಲುಗಳ ಮುನ್ನಡೆ ಪಡೆದಿತ್ತು. ಹಾಲೆಂಡ್ ಎರಡನ್ನೂ ತೀರಿಸಿತು. ಹೆಚ್ಚುವರಿ ಅವಧಿಯಲ್ಲಿ, ಒಂದು ಗೋಲು ಬಿದ್ದರೆ ಪಂದ್ಯವೇ ಮುಗಿಯುವ ಘಟ್ಟದಲ್ಲಿ, ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಹೊಡೆಯಲು ನಿಂತವರು ಗೋವಿಂದ. ಚೆಂಡು ಗೋಲಾಗಲಿಲ್ಲ. ಕೊನೆಗೆ ಸ್ಟ್ರೋಕ್‌ಗಳ ಸರದಿಯಲ್ಲಿ ಹಾಲೆಂಡ್ 4–2ರಿಂದ ಗೆದ್ದು ಕಪ್ ಇಟ್ಟುಕೊಂಡಿತು.

ಸೋಮವಾರಪೇಟೆಯ ನನ್ನ ದೊಡ್ಡಪ್ಪ ಈ ಪಂದ್ಯದ ಕಥೆಯನ್ನು ಹೇಳದ ವರ್ಷವಿರಲಿಲ್ಲ. ರೇಡಿಯೊದಲ್ಲಿ ಸುದ್ದಿ ಕೇಳಿದ ಸಂಜೆ ಪೇಟೆಯಲ್ಲಿ ಯಾರೂ ಗೋವಿಂದ ಅವರನ್ನು ಬೈಯಲಿಲ್ಲವೆಂದೂ, ‘ನಮ್ಮ ಹುಡುಗನ ಕೈಗೇ ಆ ಹೊತ್ತು ಬರಬೇಕಿತ್ತೇ’ ಎಂದು ಮನೆಯವರ ನೋವಿಗೆ ಮರುಗುವಂತೆ ಮರುಗಿದರೆಂದೂ ಅವರು ಹೇಳುತ್ತಿದ್ದರು. ಇದು ಒಬ್ಬರ ನೆನಪು ಮಾತ್ರ, ನಿಜ. ಆದರೂ ಕೊಡಗಿನ ಅಭಿಮಾನಿ ಮತ್ತು ಆಟಗಾರನ ನಡುವಿನ ಸಂಬಂಧವನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ಮಾತು ನನಗೆ ಸಿಕ್ಕಿಲ್ಲ. ದೂರದ ನಾಯಕನನ್ನು ಆರಾಧಿಸುವವನು ಸೋತ ದಿನ ಸಿಟ್ಟಾಗಬಲ್ಲ. ಸಂತೆಯಲ್ಲಿ ಎದುರಾಗುವ ಹುಡುಗನ ಮೇಲೆ ಹಾಗೆ ಸಿಟ್ಟಾಗಲು ಬರುವುದಿಲ್ಲ.

ಆ ನೋವಿಗೆ ಹದಿನೆಂಟೇ ತಿಂಗಳಲ್ಲಿ ಮದ್ದು ಸಿಕ್ಕಿತು. 1975ರ ಮಾರ್ಚ್ 15ರಂದು ಕ್ವಾಲಾಲಂಪುರದ ಫೈನಲ್‌ನಲ್ಲಿ ಅಜಿತ್‌ಪಾಲ್ ಸಿಂಗ್ ನಾಯಕತ್ವದ ಭಾರತ ಪಾಕಿಸ್ತಾನವನ್ನು 2–1ರಿಂದ ಸೋಲಿಸಿ ವಿಶ್ವಕಪ್ ಗೆದ್ದಾಗ ಗೋವಿಂದ ಆ ತಂಡದಲ್ಲಿದ್ದರು. ಕಾಫಿ ತೋಟಗಳು ಹೂಮಳೆಗೆ ಕಾಯುವ ತಿಂಗಳದು. ಭಾರತ ಪುರುಷರ ಹಾಕಿ ವಿಶ್ವಕಪ್ ಗೆದ್ದದ್ದು ಅದೊಂದೇ ಬಾರಿ.

ಮರುವರ್ಷವೇ ಆಟದ ನೆಲ ಬದಲಾಯಿತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಹಾಕಿಯನ್ನು ಟರ್ಫ್ ಎಂಬ ಕೃತಕ ಹಾಸಿನ ಮೇಲೆ ಆಡಿಸಲಾಯಿತು. ಆಸ್ಟ್ರೇಲಿಯಾ ಎದುರು 1–6ರ ಸೋಲು ಕಂಡ ಭಾರತ ಏಳನೇ ಸ್ಥಾನಕ್ಕೆ ಕುಸಿಯಿತು. ಹುಲ್ಲಿನ ಮೇಲೆ ಚೆಂಡು ಪುಟಿಯುತ್ತದೆ, ತಡೆದು ನಿಲ್ಲುತ್ತದೆ; ಅದನ್ನು ಮಣಿಕಟ್ಟಿನ ಜಾಣ್ಮೆಯಿಂದ ಸ್ಟಿಕ್ಕಿಗೆ ಅಂಟಿಸಿಕೊಂಡು ಹೋಗುವವನೇ ದೊಡ್ಡ ಆಟಗಾರ. ಟರ್ಫ್ ಮೇಲೆ ಚೆಂಡು ನೇರವಾಗಿ, ರಭಸವಾಗಿ ಹರಿಯುತ್ತದೆ. ಅಲ್ಲಿ ಬೇಕಾದದ್ದು ಓಟ, ದೇಹಬಲ, ಉದ್ದನೆಯ ಪಾಸ್ ಮತ್ತು ಪೆನಾಲ್ಟಿ ಕಾರ್ನರ್‌ಗಳನ್ನು ಗೋಲಾಗಿಸುವ ಕಸುಬು. ಯುರೋಪಿನ ದೇಶಗಳು ಊರೂರಿಗೆ ಟರ್ಫ್ ಹಾಸಿಕೊಂಡವು. ನಮ್ಮ ಹುಡುಗರು ಶಾಲೆಯ ಕೆಮ್ಮಣ್ಣಿನ ಮೈದಾನದಲ್ಲಿ ಕಲಿತು, ಶಿಬಿರಕ್ಕೆ ಹೋದ ಮೇಲೆ ಟರ್ಫ್ ಮೆಟ್ಟಿದರು. ಕೂಡಿಗೆಯ ಕ್ರೀಡಾಶಾಲೆ, ಪೊನ್ನಂಪೇಟೆ, ಸೋಮವಾರಪೇಟೆಗಳಿಗೆ ಟರ್ಫ್ ಬರುವ ಹೊತ್ತಿಗೆ ಒಂದು ತಲೆಮಾರಿನ ಆಟ ಮುಗಿದಿತ್ತು.

1980ರ ಮಾಸ್ಕೊ ಚಿನ್ನ ಈ ಕುಸಿತವನ್ನು ಸ್ವಲ್ಪ ಕಾಲ ಮರೆಸಿತು. ಫೈನಲ್‌ನಲ್ಲಿ ಸ್ಪೇನ್ ವಿರುದ್ಧ 4–3ರಿಂದ ಗೆದ್ದ ಆ ತಂಡದಲ್ಲಿ ಮನೆಯಪಂಡ ಸೋಮಯ್ಯ ಇದ್ದುದರಿಂದ ಕೊಡಗಿಗೂ ಚಿನ್ನದ ಪಾಲು ಸಿಕ್ಕಿತು. ಬಹಿಷ್ಕಾರದ ಕಾರಣ ಪಾಕಿಸ್ತಾನ, ಪಶ್ಚಿಮ ಜರ್ಮನಿ, ಹಾಲೆಂಡ್, ಆಸ್ಟ್ರೇಲಿಯಾ ಅಲ್ಲಿಗೆ ಬಂದಿರಲಿಲ್ಲ ಎಂಬುದನ್ನು ಇಲ್ಲಿಯ ಹಿರಿಯರು ಆಗಲೇ ಆಡಿಕೊಳ್ಳುತ್ತಿದ್ದರು. ಪದಕವನ್ನು ಕೊಂಡಾಡುತ್ತಲೇ ಅದರ ತೂಕವನ್ನೂ ನೋಡುವ ಅಭ್ಯಾಸ ಆಟ ಬಲ್ಲ ನಾಡಿಗೆ ಇರುತ್ತದೆ. ಆ ಅನುಮಾನ ಸುಳ್ಳಾಗಲಿಲ್ಲ. 1982ರ ದೆಹಲಿ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪಾಕಿಸ್ತಾನ ನಮ್ಮ ನೆಲದಲ್ಲೇ 7–1ರಿಂದ ಗೆದ್ದಿತು. 1986ರ ಲಂಡನ್ ವಿಶ್ವಕಪ್‌ನಲ್ಲಿ ಹನ್ನೆರಡು ತಂಡಗಳಲ್ಲಿ ಭಾರತದ್ದು ಹನ್ನೆರಡನೇ ಸ್ಥಾನ. 1988ರಲ್ಲಿ ಸೋಲ್ ಒಲಿಂಪಿಕ್ಸ್‌ಗೆ ಸೋಮಯ್ಯ ಅವರೇ ನಾಯಕರಾಗಿ ಹೋದರೂ ತಂಡ ಆರನೇ ಸ್ಥಾನದಲ್ಲಿ ನಿಂತಿತು.

ಒಂದೇ ಆಟಕ್ಕೆ ಮನಸ್ಸು ಕೊಟ್ಟ ಸಣ್ಣ ನಾಡುಗಳು ಸೋಲನ್ನು ಹೇಗೆ ತಾಳಿಕೊಳ್ಳುತ್ತವೆ ಎಂಬುದಕ್ಕೆ ರಗ್ಬಿಯ ನ್ಯೂಜಿಲೆಂಡ್ ನೆನಪಾಗುತ್ತದೆ. 1987ರಲ್ಲಿ ಮೊದಲ ರಗ್ಬಿ ವಿಶ್ವಕಪ್ ಗೆದ್ದ ಆ ದೇಶ ಎರಡನೆಯದಕ್ಕೆ 24 ವರ್ಷ ಕಾಯಬೇಕಾಯಿತು. ನಡುವೆ 2007ರಲ್ಲಿ ಕಾರ್ಡಿಫ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸ್ ಎದುರು 18–20ರಿಂದ ಸೋತಾಗ ಅಲ್ಲಿಯ ಅಭಿಮಾನಿಗಳ ಕೋಪ ರೆಫರಿ ವೇಯ್ನ್ ಬಾರ್ನ್ಸ್ ಅವರ ಮೇಲೆ ಎಷ್ಟು ತಿರುಗಿತೆಂದರೆ ಬೆದರಿಕೆಗಳವರೆಗೂ ಹೋಯಿತು. 2011ರಲ್ಲಿ ಆಕ್ಲೆಂಡ್‌ನಲ್ಲಿ ಅದೇ ಫ್ರಾನ್ಸನ್ನು 8–7ರಿಂದ ಸೋಲಿಸಿದ ಮೇಲಷ್ಟೇ ಆ ಗಾಯ ಮಾಯಿತು. ಕೊಡಗಿನಲ್ಲಿ ಕೋಪ ಅಂಪೈರ್ ಕಡೆ ಹರಿದದ್ದು ಕಡಿಮೆ. ಇಲ್ಲಿಯ ದೂರು ಯಾವಾಗಲೂ ಆಯ್ಕೆಗಾರರ ಮೇಲೆ, ಟರ್ಫ್ ಇಲ್ಲದ್ದರ ಮೇಲೆ, ಬೆಂಗಳೂರು ಮತ್ತು ದೆಹಲಿಯ ಅಧಿಕಾರಸ್ಥರ ಮೇಲೆ. ನ್ಯೂಜಿಲೆಂಡಿನ ತಂಡ ಸೋತಾಗಲೂ ಬಲಿಷ್ಠವಾಗಿಯೇ ಇತ್ತು, ಹಾಗಾಗಿ ಒಂದು ಪಂದ್ಯದ ಒಂದು ತೀರ್ಪಿನ ಮೇಲೆ ಸಿಟ್ಟು ಹಾಯಿಸಬಹುದಿತ್ತು. ನಮ್ಮದು ನಿಧಾನವಾಗಿ ಒಳಗಿನಿಂದ ಟೊಳ್ಳಾಗುತ್ತಿದ್ದ ಮರ. ಯಾವ ಪಂದ್ಯವನ್ನು ದೂರುವುದು?

ಈ ಟೊಳ್ಳಿನ ವರ್ಷಗಳಲ್ಲಿಯೇ, 1997ರಲ್ಲಿ, ಪಾಂಡಂಡ ಕುಟ್ಟಪ್ಪ ಅವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಪಂದ್ಯಾವಳಿ ಆರಂಭಿಸಿದರು. ಮೊದಲ ವರ್ಷ ಬಂದದ್ದು 60 ಕುಟುಂಬಗಳು. ಒಂದು ವರ್ಷದ ಹಿಂದಷ್ಟೇ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಭಾರತ ಎಂಟನೇ ಸ್ಥಾನ ಪಡೆದಿತ್ತು, ಮರುವರ್ಷ ವಿಶ್ವಕಪ್‌ನಲ್ಲಿ ಒಂಬತ್ತನೇ ಸ್ಥಾನ ಕಾದಿತ್ತು. ರಾಷ್ಟ್ರೀಯ ತಂಡವನ್ನು ಉದ್ಧರಿಸಲೆಂದು ಕುಟ್ಟಪ್ಪನವರು ಇದನ್ನು ಹೂಡಲಿಲ್ಲ; ಚದುರಿಹೋಗುತ್ತಿದ್ದ ಒಕ್ಕಗಳು, ಅಂದರೆ ಮನೆತನಗಳು, ವರ್ಷಕ್ಕೊಮ್ಮೆ ಒಂದು ಮೈದಾನದಲ್ಲಿ ಕಲೆಯಲಿ ಎಂಬುದು ಅವರ ಆಸೆ. ಆದರೆ ದೇಶದ ತಂಡದಿಂದ ಸಿಗದ ಸಂತೋಷವನ್ನು ಜನ ಇಲ್ಲಿ ಪಡೆದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅಜ್ಜ, ಮೊಮ್ಮಗಳು, ಸೊಸೆ ಒಂದೇ ತಂಡದಲ್ಲಿ ಆಡುವ, ಕೊಡವ ಭಾಷೆಯಾದ ಕೊಡವ ತಕ್ಕ್‌ನಲ್ಲಿ ವೀಕ್ಷಕ ವಿವರಣೆ ಕೇಳಿಬರುವ ಈ ಹಾಕಿ ನಮ್ಮೆಯಲ್ಲಿ (ನಮ್ಮೆ ಎಂದರೆ ಹಬ್ಬ) 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ತಂಡಗಳು ಬಂದು ಗಿನ್ನೆಸ್ ದಾಖಲೆಯಾಯಿತು. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ನಲ್ಲಿ ಆ ಸಂಖ್ಯೆ 396ಕ್ಕೆ ಏರಿತು.

2008ರ ಮಾರ್ಚ್‌ನಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ಬ್ರಿಟನ್ ಎದುರು 0–2ರಿಂದ ಸೋತ ಭಾರತ, 80 ವರ್ಷಗಳಲ್ಲಿ ಮೊದಲ ಬಾರಿಗೆ ಒಲಿಂಪಿಕ್ಸ್ ಹಾಕಿಯಿಂದ ಹೊರಗುಳಿಯಿತು. ಆ ಬೇಸಿಗೆಯಲ್ಲೂ ನಮ್ಮೆ ಎಂದಿನಂತೆ ನಡೆಯಿತು. ದೇಶದ ಬೇರೆ ಕಡೆ ಹಾಕಿ ಸತ್ತಿತು ಎಂದು ಬರೆಯುತ್ತಿದ್ದ ದಿನಗಳಲ್ಲಿ ಇಲ್ಲಿ ಜಾಗ ಸಿಗದೆ ಜನ ಮೈದಾನದ ಸುತ್ತ ಒತ್ತಿಕೊಂಡು ನಿಂತಿದ್ದರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದ ಪಂದ್ಯಗಳನ್ನೆಲ್ಲ ಸೋತು ಹನ್ನೆರಡನೇ ಸ್ಥಾನ ಪಡೆದ ತಂಡದಲ್ಲಿ ಕೊಡಗಿನ ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಉತ್ತಪ್ಪ ಇದ್ದರು. ಎರಡು ವರ್ಷಗಳ ಬಳಿಕ ಇಂಚಿಯಾನ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪಾಕಿಸ್ತಾನವನ್ನು ಶೂಟೌಟ್‌ನಲ್ಲಿ 4–2ರಿಂದ ಸೋಲಿಸಿ ಭಾರತ ಚಿನ್ನ ಗೆದ್ದಾಗ ಅದೇ ರಘುನಾಥ್ ಮತ್ತು ಸುನಿಲ್ ಅಲ್ಲಿಯೂ ಇದ್ದರು.

2016ರ ರಿಯೊ ಪಟ್ಟಿ ಬಂದ ದಿನವನ್ನು ಇಲ್ಲಿಯ ಹಾಕಿ ಪ್ರಿಯರು ಮರೆತಿಲ್ಲ. ರಘುನಾಥ್, ಸುನಿಲ್, ಉತ್ತಪ್ಪ, ಚೆಂದಂಡ ನಿಕ್ಕಿನ್ ತಿಮ್ಮಯ್ಯ: 16 ಮಂದಿಯ ತಂಡದಲ್ಲಿ ನಾಲ್ವರು. 2011ರ ಜನಗಣತಿಯಂತೆ 5.54 ಲಕ್ಷ ಜನರಿರುವ ಒಂದು ಜಿಲ್ಲೆ ದೇಶದ ತಂಡದ ಕಾಲು ಭಾಗವನ್ನು ಕೊಟ್ಟಿತ್ತು. ಕ್ವಾರ್ಟರ್ ಫೈನಲ್‌ನಲ್ಲಿ ಬೆಲ್ಜಿಯಂ 3–1ರಿಂದ ಗೆದ್ದಾಗ ಬೇಸರವಾಯಿತಾದರೂ, ಮುಂದಿನ ಸಲ ಪದಕ ಬಂದರೆ ಅದರಲ್ಲಿ ನಮ್ಮ ಹುಡುಗರ ಕೈ ಇದ್ದೇ ಇರುತ್ತದೆ ಎಂದು ಎಲ್ಲರೂ ನಂಬಿದ್ದರು.

ಐದು ವರ್ಷಗಳಲ್ಲಿ ನಾಲ್ಕು ಸೊನ್ನೆಯಾಯಿತು. ಆಯ್ಕೆಗಾರರ ಪಕ್ಷಪಾತವೆಂದು ಹೇಳುವವರು ಇಂದಿಗೂ ಇದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ, ಏಕೆಂದರೆ ಟೋಕಿಯೊದಲ್ಲಿ ಆಡಿದ ಹುಡುಗರು ಆ ಸ್ಥಾನವನ್ನು ಆಡಿಯೇ ಗಳಿಸಿದ್ದರು. ಒಡಿಶಾ ಸರ್ಕಾರ 2018ರಿಂದ ರಾಷ್ಟ್ರೀಯ ತಂಡಗಳ ಪ್ರಾಯೋಜಕತ್ವ ವಹಿಸಿಕೊಂಡು ಕ್ರೀಡಾಂಗಣ, ವಸತಿನಿಲಯಗಳಿಗೆ ಹಣ ಸುರಿಯಿತು. ಪಂಜಾಬಿನ ಅಕಾಡೆಮಿಗಳು ಹತ್ತು ಹನ್ನೆರಡರ ಹುಡುಗರನ್ನೇ ಟರ್ಫ್ ಮೇಲೆ ಬೆಳೆಸಿದವು. ಇಲ್ಲಿ ಓದು, ಉದ್ಯೋಗ ಎಂದು ಹುಡುಗರು ಬೆಂಗಳೂರು, ಮೈಸೂರಿನ ಬಸ್ಸು ಹತ್ತಿದರು. ಬೇಸಿಗೆಯ ಒಂದು ತಿಂಗಳು ನಮ್ಮೆಯ ಮೈದಾನದಲ್ಲಿ ಆಡುವುದಕ್ಕೂ ವರ್ಷವಿಡೀ ಬೆಳಿಗ್ಗೆ ಐದಕ್ಕೆ ಎದ್ದು ಟರ್ಫ್ ಮೇಲೆ ಬೆವರು ಹರಿಸುವುದಕ್ಕೂ ಇರುವ ಅಂತರವನ್ನು ನಾವು ಸರಿಯಾಗಿ ಅಳೆಯಲಿಲ್ಲ. ನಮ್ಮೆ ಆಟದ ಮೇಲಿನ ಪ್ರೀತಿಯನ್ನು ಕಾಪಾಡಿದೆ, ಅದು ಸಣ್ಣ ಕೆಲಸವಲ್ಲ; ಆದರೆ ಆ ಜನಸಂದಣಿಯನ್ನು ಕಂಡು ಆಟಗಾರರು ತಾವಾಗಿ ಹುಟ್ಟಿಬರುತ್ತಾರೆಂದು ತಿಳಿದದ್ದು ತಪ್ಪು. ಟೋಕಿಯೊದಲ್ಲಿ ನಾಲ್ಕನೇ ಸ್ಥಾನ ಪಡೆದು ದೇಶದ ಮನಸ್ಸು ಗೆದ್ದ ಮಹಿಳಾ ತಂಡದ ಸಹಾಯಕ ಕೋಚ್ ಬಿ.ಎಸ್. ಅಂಕಿತಾ ಕೊಡಗಿನವರು ಎಂಬುದೊಂದು ಸಮಾಧಾನ ಮಾತ್ರ ಆ ವಾರ ನಮಗಿತ್ತು.

2024ರ ಆಗಸ್ಟ್ 8ರಂದು ಪ್ಯಾರಿಸ್‌ನಲ್ಲಿ ಸ್ಪೇನನ್ನು 2–1ರಿಂದ ಸೋಲಿಸಿ ಭಾರತ ಮತ್ತೆ ಕಂಚು ಗೆದ್ದಿತು. ಆ ಪಟ್ಟಿಯಲ್ಲೂ ಕೊಡಗಿನವರಿರಲಿಲ್ಲ. ಈ ಬಾರಿ ದೂರು ಕಡಿಮೆಯಾಗಿ, ಪಂದ್ಯವನ್ನು ಪಂದ್ಯವಾಗಿ ನೋಡಿದವರು ಹೆಚ್ಚಾಗಿದ್ದರು. ಇದು ಅಭಿಮಾನ ಪಕ್ವವಾದ ಗುರುತೋ, ಆಸೆ ಕೈಬಿಟ್ಟ ಗುರುತೋ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ.

2026ರ ಆಗಸ್ಟ್ ತಿಂಗಳ ವಿಶ್ವಕಪ್ ಬೆಲ್ಜಿಯಂನ ವಾವ್ರ್ ಮತ್ತು ಹಾಲೆಂಡಿನ ಆಮ್‌ಸ್ಟಲ್‌ವೀನ್‌ಗಳಿಗೆ ನಿಗದಿಯಾಗಿದೆ. ಈ ಸುದ್ದಿಯನ್ನು ದೊಡ್ಡಪ್ಪನಿಗೆ ಹೇಳಿದಾಗ, ಕಿವಿ ಮಂದವಾಗಿರುವ ಅವರು ಆ ಊರಿನ ಹೆಸರನ್ನು ಮಾತ್ರ ಒಂದೇ ಸಲಕ್ಕೆ ಹಿಡಿದು, ‘ಗಣೇಶ್ ಕ್ಯಾಪ್ಟನ್ ಆಗಿದ್ದರಲ್ಲ, ಅದೇ ಜಾಗವೋ?’ ಎಂದು ಕೇಳಿದರು. ಅದೇ ಎಂದೆ, ಈಗ ಅಲ್ಲಿ ಹುಲ್ಲಿಲ್ಲ, ಟರ್ಫ್ ಎಂದೂ ಸೇರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪಟ್ಟಿ ಬಂದಾಗ ನನಗೆ ಓದಿ ಹೇಳು’ ಎಂದರು.